ಮರಗೆಲಸದ ಕೋಣೆಯ ಮರಿಗಳು

ಕೋಳಿಮರಿಗಳು ಬಂದ ಮೇಲೆ ಆ ಮನೆಯ ನಾಲ್ವರು ಒಟ್ಟಿಗೆ ಕೂತು ನೆಮ್ಮದಿಯಿಂದ ಉಂಡ ದಿನವೇ ಇರಲಿಲ್ಲ. ಸರಿಯಾಗಿ ಊಟದ ಹೊತ್ತಿಗೇ ಗಾಳಿ ಹಿತ್ತಲ ಕಡೆಯಿಂದ ಬೀಸುತ್ತಿತ್ತು. ಅಮ್ಮ ಅಂಗೈಯಿಂದ ಮೂಗು ಮುಚ್ಚಿಕೊಂಡು, ತನ್ನ ತಟ್ಟೆಗೇ ಹೇಳುವವಳ ಹಾಗೆ ಹೇಳುತ್ತಿದ್ದಳು.

“ಅಳಿಯಂದಿರಿಗೆ ವಾಸನೆ ಗೊತ್ತಾಗಲ್ವೇನೋ.”

“ಗೊತ್ತಾಗುತ್ತೆ ಅತ್ತೆ. ವಾಸನೆ ಇಲ್ಲದ ಕೆಲಸ ನನಗೆ ಯಾರೂ ಕೊಡ್ಲಿಲ್ಲ.”

ನಡುವೆ ಕೂತ ಟೈಲರಮ್ಮ ಅನ್ನದ ಪಾತ್ರೆಯನ್ನು ಅತ್ತಿತ್ತ ಸರಿಸುತ್ತ, “ಇನ್ನೊಂದು ಸ್ವಲ್ಪ ಹಾಕ್ಲಾ?” ಎಂದು ಮಾತು ಮರೆಸುತ್ತಿದ್ದಳು. ಬೀದಿಯವರು ಅವಳನ್ನು ಕರೆಯುವುದೇ ಹಾಗೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧ ಜನರ ಬಟ್ಟೆ ಅವಳೇ ಹೊಲಿಯುತ್ತಿದ್ದಳು. ಗಂಡ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಿದ್ದವನು. ಪ್ರೆಸ್ಸು ಮುಚ್ಚಿದ ಮೇಲೆ ಬಾಡಿಗೆ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು, ಸಾಮಾನು ಕಟ್ಟಿಕೊಂಡು ಅವಳ ತವರಿಗೇ ಬಂದು ಸೇರಿದ್ದರು. ಮನೆ ಅಮ್ಮನದು. ಹಿತ್ತಲಲ್ಲಿದ್ದ ತಗಡಿನ ಸೂರಿನ ಕೋಣೆ ತೀರಿಹೋದ ಅಪ್ಪನದು. ಅಪ್ಪ ಬಡಗಿ. ಅವನ ಗರಗಸ, ಉಳಿ, ಉಜ್ಜುಗೊರಡುಗಳು ಇನ್ನೂ ಆ ಗೋಡೆಯ ಮೇಲೇ ಇದ್ದವು. ಅವುಗಳ ಕೆಳಗೆ ಈಗ ಬಲ್ಬಿನ ಬೆಳಕಿನಲ್ಲಿ, ಮರದ ಹೊಟ್ಟಿನ ಹಾಸಿನ ಮೇಲೆ, ಇನ್ನೂರು ಮರಿಗಳು ಚಿಂವ್‌ಗುಟ್ಟುತ್ತಿದ್ದವು.

ಅಮ್ಮನ ಕೈಕಾಲು ಹಿಡಿದು ಒಪ್ಪಿಸಿದವಳು ಟೈಲರಮ್ಮನೇ. “ಒಂದು ಸಲ ಸಾಕಿ ನೋಡ್ಲಿ ಅಮ್ಮ. ಸುಮ್ನೆ ಕೂತ್ರೆ ಅವರಿಗೆ ತಲೆ ಕೆಡುತ್ತೆ.”

“ಅವರ ತಲೆ ಕೆಡಬಾರದು ಅಂತ ನನ್ನ ತಲೆ ಕೆಡಿಸು,” ಎಂದಿದ್ದಳು ಅಮ್ಮ. ಆದರೂ ಚಿಲಕ ತೆಗೆದುಕೊಟ್ಟಿದ್ದಳು.

ಮೊದಲ ವಾರಗಳು ಹೇಗೋ ಕಳೆದವು. ಆಮೇಲೆ ಮಳೆ ಹಿಡಿಯಿತು. ತಗಡಿನ ಒಂದು ಮೂಲೆ ಸೋರತೊಡಗಿತು. ಸಾಲದ್ದಕ್ಕೆ ಮರಿಗಳ ನೀರಿನ ಡಬ್ಬಗಳಲ್ಲಿ ಒಂದು ಒಡೆದು ತೊಟ್ಟಿಕ್ಕುತ್ತಿತ್ತು.

“ಆ ಮೂಲೆಗೆ ಏನಾದ್ರೂ ಮುಚ್ಚಿ. ಹೊಟ್ಟು ಕೆಸರಾಗಿದೆ,” ಎಂದಳು ಅಮ್ಮ ಒಂದು ಬೆಳಿಗ್ಗೆ ಟೀ ಸೋಸುತ್ತ.

“ಮಾಡ್ತೀನಿ ಅತ್ತೆ.”

“ನಿನ್ನೆನೂ ಮಾಡ್ತೀನಿ ಅಂದ್ರಿ.”

“ನಿನ್ನೆ ಹೋಟೆಲಿನವರನ್ನ ನೋಡೋಕೆ ಹೋಗಿದ್ದೆ. ಮರಿ ಬೆಳೆದ ಮೇಲೆ ಕೊಳ್ಳೋರು ಬೇಕಲ್ವಾ? ಮಾಡ್ತೀನಿ ಅಂದ್ನಲ್ಲ.”

ಮಾಡಲಿಲ್ಲ.

ಮರಿಗಳ ಕೋಣೆ ಗುಡಿಸುವುದು ಟೈಲರಮ್ಮನ ಪಾಲಿನ ಕೆಲಸ. ಒಂದು ಬೆಳಿಗ್ಗೆ ಪೊರಕೆ ಹಿಡಿದು ಒಳಗೆ ಹೋದವಳು ಬಾಗಿಲಲ್ಲೇ ನಿಂತಳು. ಎಂದಿನ ಗಲಾಟೆ ಇರಲಿಲ್ಲ. ಹತ್ತಿಪ್ಪತ್ತು ಮರಿಗಳು ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು, ಗರಿ ಕೆದರಿ, ರೆಕ್ಕೆ ಜೋತುಹಾಕಿ, ಕಣ್ಣು ಮುಚ್ಚಿ ನಿಂತಿದ್ದವು. ಹೊಟ್ಟಿನ ಮೇಲೆ ಅಲ್ಲಲ್ಲಿ ಕೆಂಪು. ಬಗ್ಗಿ ನೋಡಿದಳು. ಹಿಕ್ಕೆಯಲ್ಲಿ ರಕ್ತ.

ಹೊರಗೆ ಬಂದರೆ ಗಂಡ ಕಾಂಪೌಂಡಿನ ಹಿಂದೆ ಸಲಿಕೆ ಹಿಡಿದು ಮಣ್ಣು ಮುಚ್ಚುತ್ತಿದ್ದ.

“ಎಷ್ಟು?” ಎಂದಳು.

“ಏನೆಷ್ಟು?”

“ರೀ, ನನಗೆ ಕಣ್ಣಿದೆ.”

ಅವನು ಸಲಿಕೆ ಗೋಡೆಗೆ ಒರಗಿಸಿದ. “ಇವತ್ತು ಐದು. ಚಳಿಗೆ ಸತ್ತಿರಬೇಕು. ನಿಮ್ಮಮ್ಮನಿಗೆ ಹೇಳ್ಬೇಡ.”

“ಚಳಿಗೆ ರಕ್ತ ಬರುತ್ತಾ? ಒಂದನ್ನ ಹೊರಗೆ ತೆಗೀರಿ. ಆಸ್ಪತ್ರೆಗೆ ಹೋಗೋಣ.”

ದನದ ಆಸ್ಪತ್ರೆಯ ಡಾಕ್ಟರು ಗಟ್ಟಿ ದನಿಯ ಹೆಂಗಸು. ಸತ್ತ ಮರಿಯನ್ನು ಕಲ್ಲಿನ ಮೇಜಿನ ಮೇಲೆ ಹಾಕಿ, ಕತ್ತರಿಯಿಂದ ಹೊಟ್ಟೆ ಸೀಳಿ, ಕರುಳಿನ ತುದಿಯ ಎರಡು ಚೀಲಗಳನ್ನು ಎತ್ತಿ ತೋರಿಸಿದರು. ಕಪ್ಪು ಕೆಂಪಿಗೆ ಊದಿದ್ದವು. ಕತ್ತರಿ ತಾಗಿದ್ದೇ ಒಳಗಿನಿಂದ ಹೆಪ್ಪುಗಟ್ಟಿದ ರಕ್ತ ಬಂತು. ಗಂಡ ಮುಖ ತಿರುಗಿಸಿದ. ಟೈಲರಮ್ಮ ನೋಡುತ್ತಲೇ ಇದ್ದಳು.

“ರಕ್ತಭೇದಿ. ಕಾಕ್ಸಿಡಿಯೋಸಿಸ್ ಅಂತೀವಿ,” ಎಂದರು ಡಾಕ್ಟರು. “ಈ ವಯಸ್ಸಿನ ಮರಿಗಳಿಗೆ ಬಹಳ ಸಾಮಾನ್ಯ. ಕರುಳಲ್ಲಿ ಬೆಳೆಯೋ ಪರೋಪಜೀವಿ.”

“ಹುಳದ ಔಷಧಿ ಕೊಟ್ರೆ ಆಗಲ್ವಾ?” ಎಂದ ಗಂಡ.

“ಇದು ಆ ಹುಳ ಅಲ್ಲ. ಕಣ್ಣಿಗೇ ಕಾಣಲ್ಲ. ಒಂದು ಮರಿ ಹಿಕ್ಕೆ ಹಾಕುತ್ತೆ, ಕೆಳಗೆ ಒದ್ದೆ ಇದ್ರೆ ಅದು ಅಲ್ಲೇ ಬಲಿಯುತ್ತೆ, ಇನ್ನೊಂದು ಮರಿ ಕೆದಕಿ ತಿನ್ನುತ್ತೆ. ಹೊಟ್ಟು ಒದ್ದೆ ಇತ್ತಾ?”

ಗಂಡ ತುಟಿ ಪಿಟಕ್ಕೆನ್ನಲಿಲ್ಲ. ಟೈಲರಮ್ಮನೇ ಹೇಳಿದಳು: “ಇತ್ತು.”

“ಎಲ್ಲಾ ತೆಗೆದು ಬಿಸಾಕಿ, ಒಣ ಹೊಟ್ಟು ಹಾಕಿ. ಈ ಪುಡಿ ನೀರಲ್ಲಿ ಕಲಸಿ ಕೊಡಿ. ದಿನಾ ಹೊಸದಾಗಿ ಕಲಸಬೇಕು. ಬೇರೆ ನೀರು ಒಂದು ಹನಿಯೂ ಸಿಗಬಾರದು. ಕಾಯಿಲೆ ಮರಿ ತಿನ್ನೋದು ಬಿಟ್ರೂ ಕುಡಿಯೋದು ಬಿಡಲ್ಲ, ಅದಕ್ಕೇ ನೀರಲ್ಲಿ ಕೊಡೋದು. ತೀರಾ ಸೋತಿರೋದನ್ನ ಬೇರೆ ಇಡಿ.”

ಆ ಇಡೀ ದಿನ ಹೊಲಿಗೆ ಯಂತ್ರಕ್ಕೆ ರಜ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಂಡ ಹೆಂಡತಿ ಒದ್ದೆ ಹೊಟ್ಟನ್ನು ಚೀಲಕ್ಕೆ ತುಂಬಿದರು. ಮಗಳು ಡಬ್ಬ ತೊಳೆದಳು. ಕಾಲೇಜಿಗೆ ಹೋಗುವ ಹುಡುಗಿ, ಬಾಯಿ ಸುಮ್ಮನಿರದು. ಅದಕ್ಕೇ ಮನೆಯಲ್ಲಿ ಅವಳಿಗೆ ಪಟಾಕಿ ಎಂದೇ ಹೆಸರು. “ಅಪ್ಪ, ನನ್ನ ಕೈ ವಾಸನೆಗೆ ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ. ಒಂದು ಲೆಕ್ಕಕ್ಕೆ ಒಳ್ಳೇದೇ,” ಎಂದಳು. ಯಾರೂ ನಗಲಿಲ್ಲ. ಗಂಡ ಏಣಿ ಹತ್ತಿ, ಸೋರುವ ಮೂಲೆಗೆ ತಗಡು ಬಡಿದ. ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಆ ಸುತ್ತಿಗೆಯ ಸದ್ದು ಕೇಳುತ್ತಿದ್ದಳು.

“ಈಗ ಬಡೀತಾ ಇದ್ದಾರೆ,” ಎಂದಳು ಅಷ್ಟೆ.

ಔಷಧಿ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಗಂಡ ಪುಡಿ ಕಲಸಿ ಡಬ್ಬ ತುಂಬಿಸುತ್ತಿದ್ದ. ಸೋತ ಮರಿಗಳನ್ನು ಅಪ್ಪನ ಹಳೆಯ ಪೆಟ್ಟಿಗೆಯೊಂದರಲ್ಲಿ ಬೇರೆ ಇಟ್ಟಿದ್ದ. ಹೊರಗಿದ್ದವು ಚೇತರಿಸಿಕೊಳ್ಳುವ ಹಾಗೆ ಕಂಡರೂ ಪೆಟ್ಟಿಗೆಯವು ಒಂದೊಂದಾಗಿ ಸಾಯುತ್ತಲೇ ಇದ್ದವು. ಹೊರಗಿನಿಂದ ಒಂದು ಸೋತರೆ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಮಣ್ಣಿಗೆ. ಗಂಡನಿಗೆ ಊಟ ಸೇರುತ್ತಿರಲಿಲ್ಲ. ಮುಟ್ಟಿದರೆ ಸಿಡಿಯುತ್ತಿದ್ದ.

“ಪುಡಿ ಸರಿಯಾಗಿ ಕಲಸ್ತಿದ್ದೀರಾ?” ಎಂದು ಕೇಳಿದ್ದಕ್ಕೆ, “ನೀನೇ ಕಲಸು ಹೋಗು. ಈ ಮನೇಲಿ ನಾನು ಮಾಡಿದ್ದು ಯಾವುದು ಸರಿ?” ಎಂದು ಚಮಚ ಎಸೆದ.

ಆ ವಾರದ ಕೊನೆಯಲ್ಲಿ, ಹುರಿದ ಬದನೆಕಾಯಿ ಬಡಿಸುತ್ತಿದ್ದಾಗ ಪಟಾಕಿ ಬಾಯಿ ಬಿಟ್ಟಳು.

“ಅಜ್ಜಿ, ಮಧ್ಯಾಹ್ನ ಪೆಟ್ಟಿಗೆ ಹತ್ರ ಏನು ಮಾಡ್ತಿದ್ರಿ? ಕಾಳಿಗೆ ಏನೋ ಬಿಳಿ ಪುಡಿ ಕಲಸ್ತಿದ್ರಲ್ಲ.”

ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಗಂಡ ತಲೆ ಎತ್ತಿದ.

“ಏನು ಪುಡಿ ಅತ್ತೆ?”

“ಏನೋ ಒಂದು.”

“ಏನೋ ಒಂದು ಅಂದ್ರೆ?”

“ನನ್ನ ಮನೆ. ನನ್ನ ಗಂಡ ಕೆಲಸ ಮಾಡಿದ ಕೋಣೆ. ಒಳಗೆ ಹೋಗೋಕೆ, ಬರೋಕೆ ನಿಮ್ಮ ಅಪ್ಪಣೆ ಕೇಳ್ಬೇಕಾ?”

“ನಾನು ಕೇಳಿದ್ದಕ್ಕೆ ಉತ್ತರ ಕೊಡಿ. ಮೊದಲ ದಿನದಿಂದ ನಿಮಗೆ ಆ ಮರಿ ಕಂಡ್ರೆ ಆಗಲ್ಲ. ಎಲ್ಲಾ ಸತ್ರೆ ಕೋಣೆ ಖಾಲಿ ಆಗುತ್ತೆ ಅಂತಾನಾ? ವಿಷ ಹಾಕಿದ್ರಾ?”

“ರೀ!” ಎಂದಳು ಟೈಲರಮ್ಮ.

ಅಮ್ಮ ಎದ್ದಳು. ಅರ್ಧ ಉಂಡ ತಟ್ಟೆಯನ್ನು ಎತ್ತಿಕೊಂಡು ಬಚ್ಚಲ ಕಡೆ ನಡೆದಳು. ತಟ್ಟೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಗಂಡ ಬೀದಿಗೆ ಹೋಗಿ ಹೊಸ ಬೀಗ ತಂದು, ಮರಗೆಲಸದ ಕೋಣೆಗೆ ಹಾಕಿ, ಕೀಲಿಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟ.

ಟೈಲರಮ್ಮ ಅಮ್ಮನ ಹಿಂದೆ ಅಡುಗೆಮನೆಗೆ ಹೋದಳು. ಅಮ್ಮ ಹಾಗೆ ಮಾಡುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಬಾಯಿ ಕೇಳಿಬಿಟ್ಟಿತು.

“ಅಮ್ಮ, ಏನು ಹಾಕಿದೆ? ನನಗಾದ್ರೂ ಹೇಳು.”

ಅಮ್ಮ ಅವಳ ಮುಖವನ್ನೇ ನೋಡಿದಳು. “ನೀನೂ ಕೇಳ್ತೀಯಾ?” ಎಂದಳು. ಆಮೇಲೆ ಅವಳ ಜೊತೆಗೂ ಮಾತು ನಿಂತಿತು.

ಬೀಗ ಬಿದ್ದ ಮೂರ್ನಾಲ್ಕು ದಿನಕ್ಕೆ ಸಾವು ನಿಂತಿತು. ಪೆಟ್ಟಿಗೆಯಲ್ಲಿ ಉಳಿದಿದ್ದ ಮರಿಗಳು ಕಾಲೂರಿ ಎದ್ದವು. ಒಂದೆರಡು ಅಂಚು ಹಾರಿ ಹೊರಗೂ ಬಂದವು. ಹಿಕ್ಕೆಯಲ್ಲಿ ಕೆಂಪು ಕಾಣಲಿಲ್ಲ. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಳಗಿರುವ ಅಮ್ಮನಿಗೆ ಕೇಳಲಿ ಎಂದೇ ದನಿ ಎತ್ತರಿಸಿ ಹೆಂಡತಿಗೆ ಹೇಳಿದ.

“ನೋಡಿದ್ಯಾ? ಬೀಗ ಹಾಕಿದೆ, ಸಾಯೋದು ನಿಂತಿತು. ಇನ್ನೇನು ಸಾಕ್ಷಿ ಬೇಕು?”

ಟೈಲರಮ್ಮನ ಕಣ್ಣೆದುರಿಗೇ ಮರಿಗಳು ಚೇತರಿಸಿಕೊಂಡಿದ್ದವು. ಬಟ್ಟೆ ಕತ್ತರಿಸುತ್ತ ಕೂತರೆ ಮನಸ್ಸು ಎತ್ತೆತ್ತಲೋ ಹೋಗಿ, ಯಾರದೋ ಅಂಗಿಯ ತೋಳನ್ನು ಗಿಡ್ಡ ಕತ್ತರಿಸಿಬಿಟ್ಟಳು. ಅಮ್ಮನಾ? ನಿಜಕ್ಕೂ ಅಮ್ಮನಾ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು. ಆದರೆ ಯೋಚನೆ ಬಿಟ್ಟು ಹೋಗುತ್ತಿರಲಿಲ್ಲ.

ಅಮ್ಮ ತನ್ನ ಪಾಡಿಗೆ ಬ್ರೆಡ್ಡು ಟೀ ಮಾಡಿಕೊಂಡು ಒಬ್ಬಳೇ ತಿನ್ನುತ್ತಿದ್ದಳು. ಏನಾದರೂ ಹೇಳಬೇಕಿದ್ದರೆ ಪಟಾಕಿಯ ಮೂಲಕ. “ನನ್ನ ತಂಗಿ ಮನೆಗೆ ಹೋಗಿ ಇರ್ತೀನಿ ಅಂತ ನಿಮ್ಮಮ್ಮನಿಗೆ ಹೇಳು. ಕೋಣೆ ಒಂದೇ ಯಾಕೆ, ಇಡೀ ಮನೆಗೇ ಬೀಗ ಹಾಕ್ಕೊಳ್ಳಿ.”

ಪಟಾಕಿಯ ಸದ್ದೂ ಅಡಗಿತ್ತು. “ನಾನು ಹೇಳಬಾರದಿತ್ತು ಅಲ್ವಾ ಅಮ್ಮ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಟೈಲರಮ್ಮ ಓಡಿಹೋದರೆ ಅಮ್ಮ ನೆಲದ ಮೇಲೆ ಕೂತಿದ್ದಳು. ಸುತ್ತ ಟೀ ಚೆಲ್ಲಿತ್ತು. ಪುಣ್ಯಕ್ಕೆ ಮೈಮೇಲೆ ಬಿದ್ದಿರಲಿಲ್ಲ.

“ಕಾಲು ಎಲ್ಲಿಟ್ಟೆ ಅಂತ ಗೊತ್ತಾಗ್ಲಿಲ್ಲ,” ಎಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಮಗಳಿಗೆ ನೇರ ಹೇಳಿದ ಮಾತು ಅದು.

“ಮತ್ತೆ ಜುಮುಜುಮು ಅನ್ನುತ್ತಾ? ಅದು ಕಡಿಮೆ ಆಗಿತ್ತಲ್ಲ. ಮಾತ್ರೆ ತಗೊಳ್ತಿದ್ದೀಯಾ?”

ಟೈಲರಮ್ಮ ಕಪಾಟು ತೆಗೆದು ನೋಡಿದಳು. ಪಾದ ಜೋಮು ಹಿಡಿಯುತ್ತದೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ವಿಟಮಿನ್ ಮಾತ್ರೆಯ ಹಾಳೆಗಳೆಲ್ಲ ಖಾಲಿ. ಇನ್ನೂ ಬಹಳ ದಿನ ಬರಬೇಕಾಗಿದ್ದ ಮಾತ್ರೆಗಳು.

“ಎಲ್ಲಿ ಹೋದವು?”

“ಮುಗೀತು.”

“ಹೇಗೆ ಮುಗಿಯುತ್ತೆ?” ಕೇಳುತ್ತಿದ್ದ ಹಾಗೇ ಅವಳಿಗೆ ಹೊಳೆಯಿತು. ಅಮ್ಮನ ಪಕ್ಕದಲ್ಲಿ ಒದ್ದೆ ನೆಲದ ಮೇಲೇ ಕುಸಿದಳು. “ಅಮ್ಮ… ಬಿಳಿ ಪುಡಿ ಅಂದ್ರೆ ಇದಾ?”

“ಆ ಪೆಟ್ಟಿಗೇಲಿದ್ದವು ಕಾಲು ಸೋತು ಕೂತಿದ್ವು ಕಣೇ. ಏಳೋಕೆ ನೋಡೋದು, ಮುಗ್ಗರಿಸೋದು. ನನ್ನ ಹಾಗೇ. ನನಗೆ ಈ ಮಾತ್ರೆಯಿಂದ ಶಕ್ತಿ ಬಂತಲ್ಲ, ಅವಕ್ಕೂ ಬರ್ಲಿ ಅಂತ ಕುಟ್ಟಿ ಹಾಕಿದೆ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ವಿಷ ಹಾಕಿದ್ರಾ ಅಂತ ಕೇಳಿದವರಿಗೆ ಏನಂತ ಹೇಳ್ಲಿ? ಇಲ್ಲ ಸ್ವಾಮಿ, ವಿಟಮಿನ್ನು ಅಂತ ಕೈ ಮುಗೀಬೇಕಿತ್ತಾ?”

ಟೈಲರಮ್ಮ ಅಮ್ಮನ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಉಜ್ಜತೊಡಗಿದಳು. ಅಳು ಒತ್ತರಿಸಿ ಬಂತು. “ನಾನೂ ಕೇಳಿದೆ,” ಎಂದಳು.

“ಹೂಂ. ನೀನೂ ಕೇಳಿದೆ,” ಎಂದಳು ಅಮ್ಮ. ಪಾದ ಎಳೆದುಕೊಳ್ಳಲಿಲ್ಲ.

ಅಮ್ಮನಿಗೆ ಹೊಸ ಮಾತ್ರೆ ತರಿಸಿಕೊಟ್ಟು, ಗಂಡನನ್ನು ಎಳೆದುಕೊಂಡೇ ಅವಳು ದನದ ಆಸ್ಪತ್ರೆಗೆ ಹೋದಳು. ಮಾತ್ರೆಯ ಖಾಲಿ ಹಾಳೆಯನ್ನು ಡಾಕ್ಟರ ಮುಂದೆ ಇಟ್ಟಳು. ಗಂಡ ಅದನ್ನು ನೋಡಿ ಕಕ್ಕಾಬಿಕ್ಕಿಯಾದ. ದಾರಿಯುದ್ದಕ್ಕೂ ಅವಳು ಅವನಿಗೆ ಏನನ್ನೂ ಹೇಳಿರಲಿಲ್ಲ.

“ಇದನ್ನ ಕುಟ್ಟಿ ಕಾಯಿಲೆ ಮರಿಗಳಿಗೆ ತಿನ್ನಿಸಿದ್ರು ನಮ್ಮಮ್ಮ. ಇದರಿಂದ ಏನಾದ್ರೂ ಆಗುತ್ತಾ ಡಾಕ್ಟ್ರೇ?”

ಡಾಕ್ಟರು ಕನ್ನಡಕ ಏರಿಸಿ ಓದಿದರು. “ಅಯ್ಯೋ ಪಾಪ. ಒಳ್ಳೇದಕ್ಕೇ ಮಾಡಿದ್ದಾರೆ. ಆದರೆ ನೋಡಿ, ಆ ಪರೋಪಜೀವಿ ಬೆಳೆಯೋಕೆ ಇದರಲ್ಲಿರೋ ಒಂದು ವಿಟಮಿನ್ನೇ ಬೇಕು. ನಾನು ಕೊಟ್ಟ ಔಷಧಿ ಅದು ಆ ಜೀವಿಗೆ ಸಿಗದ ಹಾಗೆ ಮಾಡುತ್ತೆ. ನೀವು ಒಂದು ಕೈಯಲ್ಲಿ ಕಿತ್ಕೊಂಡು ಇನ್ನೊಂದು ಕೈಯಲ್ಲಿ ಕೊಟ್ಟ ಹಾಗಾಯ್ತು. ಪೆಟ್ಟಿಗೇಲಿದ್ದವು ಸತ್ತಿದ್ದು ಇದೊಂದೇ ಕಾರಣಕ್ಕೆ ಅಂತ ಹೇಳಲಾರೆ. ಅವು ಮೊದಲೇ ಸೋತಿದ್ದವು. ತಪ್ಪು ನನ್ನದೂ ಇದೆ, ಅವತ್ತೇ ಎಚ್ಚರಿಕೆ ಹೇಳಬೇಕಿತ್ತು.”

ಹೊರಗೆ ಬಂದದ್ದೇ ತಡ, ಗಂಡನ ಮುಖ ಅರಳಿತು. “ನೋಡು ಮತ್ತೆ! ಕೊನೆಗೂ ಅವರು ಹಾಕಿದ್ದರಿಂದಲೇ ಅಲ್ವಾ? ನಾನು ಹೇಳಿದ್ದು…”

ಟೈಲರಮ್ಮ ರಸ್ತೆಯ ಮಧ್ಯದಲ್ಲೇ ನಿಂತಳು. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಪಕ್ಕಕ್ಕೆ ಸರಿದ.

“ನೀವು ಹೇಳಿದ್ದು ವಿಷ ಅಂತ.”

“ಆಗಿದ್ದು ಒಂದೇ ತಾನೇ?”

“ಒಂದೇನಾ? ತಾನು ನುಂಗೋ ಮಾತ್ರೆ ನಿಮ್ಮ ಮರಿಗಳ ಬಾಯಿಗೆ ಹಾಕಿ, ಕಾಲು ಸೋತು ಅಡುಗೆಮನೇಲಿ ಬಿದ್ದಿದ್ದಾಳೆ ಆ ಹೆಂಗಸು. ಸೂರು ಸೋರ್ತಿದೆ, ಸೋರ್ತಿದೆ ಅಂತ ಬಡ್ಕೊಂಡ್ಳು. ನೀವು ಏಣಿ ಹತ್ತಿದ್ದು ಯಾವಾಗ? ಡಾಕ್ಟ್ರು ಹೊಟ್ಟು ಒದ್ದೆ ಇತ್ತಾ ಅಂತ ಕೇಳಿದಾಗ ನೀವು ಬಾಯಿ ಬಿಟ್ರಾ? ಇಷ್ಟು ದಿನ ನಿಮ್ಮ ಮಾತು ಅವಳಿಗೆ ಚುಚ್ಚಬಾರದು, ಅವಳ ಮಾತು ನಿಮಗೆ ಚುಚ್ಚಬಾರದು ಅಂತ ಮಧ್ಯೆ ನಿಂತು ನಿಂತು ನಾನು ಸಣ್ಣಗಾದೆ. ಇನ್ನು ನನ್ನ ಕೈಲಾಗಲ್ಲ. ಈ ಮಾತನ್ನ ಅಮ್ಮನಿಗೆ ಹೋಗಿ ಹೇಳ್ತೀರಾ? ಹೇಳಿ. ಮರಿ ಸತ್ತಿದ್ದು ಅವಳ ಕೈಯಿಂದಲೇ ಅಂತ ಹೇಳಿ ಗೆದ್ದುಬಿಡಿ.”

ಇಷ್ಟು ಮಾತು ಅವಳು ಮದುವೆಯಾದಾಗಿನಿಂದ ಒಟ್ಟಿಗೆ ಆಡಿರಲಿಲ್ಲ. ಮನೆಯವರೆಗೂ ಇಬ್ಬರೂ ಹಿಂದೆ ಮುಂದೆ ನಡೆದರು.

ಮನೆ ಸೇರಿದವನೇ ಅವನು ನೇರ ಹಿತ್ತಲಿಗೆ ಹೋಗಿ ಬೀಗ ತೆಗೆದ. ಆ ಬೀಗವನ್ನೂ ಕೀಲಿಯನ್ನೂ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಅಮ್ಮ ಸ್ಟೂಲಿನ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಟೈಲರಮ್ಮ ಬಾಗಿಲಲ್ಲೇ ನಿಂತಳು.

“ಅತ್ತೆ,” ಎಂದ ಅವನು. ಕೀಲಿಯನ್ನು ಅವಳ ಕಡೆಗೆ ಸರಿಸಿದ. ಕೊನೆಗೆ, “ನಾನು ಆಡಬಾರದ ಮಾತು ಆಡಿದೆ. ತಪ್ಪಾಯ್ತು,” ಎಂದ.

ಅಮ್ಮ ತಲೆ ಎತ್ತಲಿಲ್ಲ. ಸಿಪ್ಪೆ ಉದ್ದಕ್ಕೆ ಇಳಿಯುತ್ತಿತ್ತು. “ಡಾಕ್ಟ್ರು ಏನಂದ್ರು? ನನ್ನ ಮಾತ್ರೆ ತೋರಿಸೋಕೆ ಹೋಗಿದ್ರಂತಲ್ಲ.”

ಟೈಲರಮ್ಮ ಗಂಡನತ್ತ ನೋಡಿದಳು.

“ಒದ್ದೆ ಹೊಟ್ಟಿನಿಂದ ಬಂದ ರೋಗ ಅಂದ್ರು,” ಎಂದ ಗಂಡ. “ಸೂರು ಮೊದಲೇ ಮುಚ್ಚಬೇಕಿತ್ತು. ನೀವು ಹೇಳಿದಾಗಲೇ.”

“ಹೂಂ,” ಎಂದಳು ಅಮ್ಮ.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದೇನಲ್ಲ. ಅಮ್ಮ ಮತ್ತೆ ಎಲ್ಲರ ಜೊತೆ ಊಟಕ್ಕೆ ಕೂತಳು, ಆದರೆ ಅಳಿಯ ಬಡಿಸಲು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವನು ಬೆಳಿಗ್ಗೆ ಸಂಜೆ ಹೊಟ್ಟು ಕೆದಕಿ ಒಣಗಿಸುತ್ತಿದ್ದ, ಡಬ್ಬದ ಸುತ್ತ ಒದ್ದೆಯಾದರೆ ಆಗಲೇ ತೆಗೆಯುತ್ತಿದ್ದ. ಔಷಧಿಯ ದಿನಗಳು ಮುಗಿದು, ಡಾಕ್ಟರು ಬಂದು ನೋಡಿ ಇನ್ನು ಭಯವಿಲ್ಲ ಎಂದರು. ಅಮ್ಮನ ಪಾದವೂ ನಿಧಾನಕ್ಕೆ ನೆಲ ಗುರುತಿಸತೊಡಗಿತು. ಉಳಿದ ಮರಿಗಳು ಗರಿ ತುಂಬಿ, ಕಾಲು ಬಲಿತು, ಒಂದನ್ನೊಂದು ಕುಕ್ಕಿ ಜಗಳವಾಡುವಷ್ಟಾದವು.

ಮಾರುವ ದಿನ ಹೋಟೆಲಿನವನು ವ್ಯಾನು ತಂದ. ಹೊಟ್ಟೆ ಮುಂದಕ್ಕೆ ಬಂದ, ಬಾಯಿ ಸಿಹಿಯಾದ ಮನುಷ್ಯ. ಒಂದು ಕೋಳಿಯನ್ನು ಕಾಲು ಹಿಡಿದು ಎತ್ತಿ, ಮುಖ ಸಿಂಡರಿಸಿದ.

“ಸಣಕಲು. ನಾವು ಮಾತಾಡಿದ ರೇಟು ಇದಕ್ಕೆ ಬರಲ್ಲ ಅಣ್ಣ. ಕಾಯಿಲೆ ಬಿದ್ದಿದ್ದವಂತೆ ಬೇರೆ.”

ಗಂಡ ಮೆತ್ತಗಾದ. “ಅದು ಆವಾಗ… ಈಗ ಸರಿ ಹೋಗಿದೆ… ಸ್ವಲ್ಪ ನೋಡಿ ಕೊಡಿ…”

“ನೋಡಿ ಕೊಡೋದೇನು?” ಅಮ್ಮ ಗೋಡೆ ಹಿಡಿದುಕೊಂಡು ಹಿತ್ತಲ ಮೆಟ್ಟಿಲಿಳಿದು ಬಂದಳು. “ಕಾಯಿಲೆ ಬಿದ್ದು ಎದ್ದಿದ್ದಕ್ಕೇ ಡಾಕ್ಟ್ರು ಕಣ್ಣಾರೆ ನೋಡಿ ಭಯ ಇಲ್ಲ ಅಂದಿದ್ದು. ನೀವು ಬೇರೆ ಕಡೆ ತರ್ತೀರಲ್ಲ, ಅವನ್ನ ಯಾವ ಡಾಕ್ಟ್ರು ನೋಡಿದ್ದಾರೆ? ಎತ್ತಿದ್ದು ಹೆಣ್ಣು, ಅದಕ್ಕೇ ಹಗುರ. ಆ ಕೆಂಪು ಹುಂಜ ಎತ್ತಿ ನೋಡಿ, ತೋಳು ನೋಯುತ್ತೆ. ಬೇಡ ಅಂದ್ರೆ ವ್ಯಾನು ತಿರುಗಿಸಿ. ನಮ್ಮ ಹುಡುಗ ಇಷ್ಟು ಒದ್ದಾಡಿ ಸಾಕಿರೋದು ಪುಕ್ಕಟೆ ಕೊಡೋಕಲ್ಲ.”

ಹೋಟೆಲಿನವನು ಹುಂಜ ಎತ್ತಿ ನೋಡಿದ. ಕೆಳಗಿಳಿಸಿ, ತಲೆ ಕೆರೆದುಕೊಂಡು, ಮೊದಲು ಮಾತಾಡಿದ್ದಷ್ಟನ್ನೇ ಕೊಟ್ಟ.

ವ್ಯಾನು ಹೋದ ಮೇಲೆ ಹಿತ್ತಲು ಬಿಕೋ ಎಂದಿತು. ಪಟಾಕಿ ಖಾಲಿ ಕೋಣೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಗಂಡ ಅಮ್ಮನ ಮುಂದೆ ನಿಂತು ಏನೋ ಹೇಳಲು ಹೊರಟ. ಅವಳು ಕೈ ಎತ್ತಿ ತಡೆದಳು.

“ನನ್ನ ಮಾತ್ರೆಯಿಂದ ಔಷಧಿ ಹಿಡೀಲಿಲ್ಲ ಅಂತ ಡಾಕ್ಟ್ರು ಅಂದ್ರಂತೆ.”

ಗಂಡ ಸರಕ್ಕನೆ ಹೆಂಡತಿಯ ಕಡೆ ತಿರುಗಿದ. ಟೈಲರಮ್ಮ ಇಲ್ಲವೆಂದು ತಲೆಯಾಡಿಸಿದಳು.

“ಅವಳನ್ಯಾಕೆ ನೋಡ್ತೀಯಾ? ಆ ಡಾಕ್ಟ್ರನ್ನ ನಾನೇ ಹೋಗಿ ಕೇಳ್ಕೊಂಡು ಬಂದೆ, ಪಟಾಕಿ ಕೈ ಹಿಡ್ಕೊಂಡು. ಅವತ್ತು ಅಡುಗೆಮನೇಲಿ ನೀನು ಯಾಕೆ ಹೇಳ್ಲಿಲ್ಲ?”

ಅವಳು ಅಳಿಯನನ್ನು ನೀನು ಎಂದದ್ದು ಟೈಲರಮ್ಮನ ಕಿವಿಗೆ ಬಿತ್ತು. ಬೈಗುಳವೋ ಸಲುಗೆಯೋ ಅವಳಿಗೆ ತಿಳಿಯಲಿಲ್ಲ.

“ಸೂರು ಸೋರಿದ್ದು ನನ್ನಿಂದ ಅತ್ತೆ,” ಎಂದ ಗಂಡ. “ಅದಾದ ಮೇಲೆ ಇನ್ನೇನು ಹೇಳ್ಲಿ?”

ಅಮ್ಮ ಸೀರೆಗೆ ಅಂಟಿದ್ದ ಗರಿಯೊಂದನ್ನು ತೆಗೆದುಹಾಕಿದಳು.

“ನೀನು ಆಡಿದ ಮಾತು ನಾನು ಮರೆತಿಲ್ಲ. ಮರೆಯೋದೂ ಇಲ್ಲ.”

“ಗೊತ್ತು ಅತ್ತೆ.”

“ಹೊಸ ಮರಿ ತರೋಕೆ ಯಾವತ್ತು ಹೋಗ್ತೀಯಾ?”

“ಮುಂದಿನ ವಾರ… ನೀವು ಒಪ್ಪಿದ್ರೆ.”

“ನಾನೂ ಬರ್ತೀನಿ. ಕಣ್ಣು ಮುಚ್ಕೊಂಡು ಆರಿಸ್ತೀಯಾ ನೀನು,” ಎಂದು ಅಮ್ಮ, ಗೋಡೆಯ ಆಸರೆ ಬಿಟ್ಟು, ಅವನು ಚಾಚಿದ ತೋಳನ್ನು ಹಿಡಿದು ಮೆಟ್ಟಿಲು ಹತ್ತಿದಳು.